ನೌರುವಿನ ಸಕ್ಕರೆ ಲೆಕ್ಕ: ಅಂಕಿ ಇಳಿದಾಗ ಕೇಳಬೇಕಾದ ಪ್ರಶ್ನೆ

1987ರಲ್ಲಿ ನೌರು ದ್ವೀಪದ ಜನರ ರಕ್ತ ಪರೀಕ್ಷೆ ಮುಗಿಸಿ ಲೆಕ್ಕ ಹಾಕಿದವರ ಕಣ್ಣಿಗೆ ಒಂದು ಅಂಕಿ ಬಿತ್ತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತವರ ಅಂಕಿ ಅದು. ಅಂದರೆ ಕಾಯಿಲೆ ಇನ್ನೂ ಪೂರ್ತಿ ಬಂದಿಲ್ಲ, ಆದರೆ ಗ್ಲೂಕೋಸ್ ಕುಡಿಸಿದರೆ ದೇಹ ಅದನ್ನು ಸರಿಯಾಗಿ ಅರಗಿಸಿಕೊಳ್ಳುತ್ತಿಲ್ಲ. ಇಂಥವರು 1975–76ರ ಸರ್ವೆಯಲ್ಲಿ ನೂರಕ್ಕೆ ಸುಮಾರು 21 ಮಂದಿ ಇದ್ದರು. ಹನ್ನೊಂದು ವರ್ಷದ ನಂತರ ಅದು 9ರ ಆಸುಪಾಸಿಗೆ ಬಂದಿತ್ತು. ಹೊಸದಾಗಿ ಸಕ್ಕರೆ ಕಾಯಿಲೆಗೆ ಬೀಳುವವರ ಪ್ರಮಾಣವೂ ಇಳಿದಿತ್ತು.

ಯಾವ ಆರೋಗ್ಯ ಇಲಾಖೆಗಾದರೂ ಇದು ಖುಷಿಯ ಸುದ್ದಿ, ಅಲ್ವಾ? ಆದರೆ ಅದೇ ಸರ್ವೆಯ ಬೇರೆ ಅಂಕಿಗಳನ್ನು ನೋಡಿದರೆ ಖುಷಿ ನಿಲ್ಲುವುದಿಲ್ಲ. ಜನರ ತೂಕದಲ್ಲಿ, ಊಟದಲ್ಲಿ, ಓಡಾಟದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಿರಲಿಲ್ಲ. ಕಾಯಿಲೆಗೆ ಕಾರಣ ಅಂತ ಎಲ್ಲರೂ ಬೆರಳು ತೋರಿಸುತ್ತಿದ್ದ ಸಂಗತಿಗಳು ಇದ್ದಲ್ಲೇ ಇದ್ದವು. ಹಾಗಾದರೆ ಅಂಕಿ ಇಳಿದದ್ದು ಹೇಗೆ?

ಸಣ್ಣ ದ್ವೀಪಗಳಲ್ಲಿ ದೀರ್ಘಕಾಲದ ಕಾಯಿಲೆಗಳ ಮೇಲೆ ಕಣ್ಣಿಡುವ ಕೆಲಸದ ಬಗ್ಗೆ ಓದುವಾಗ ನಾನು ಮತ್ತೆ ಮತ್ತೆ ನೌರುವಿಗೇ ವಾಪಸ್ ಬರುತ್ತೇನೆ. ಅಷ್ಟು ಚಿಕ್ಕ ಜಾಗದಲ್ಲಿ, ಅಷ್ಟು ಹತ್ತಿರದಿಂದ, ಅಷ್ಟು ವರ್ಷ ಅಳೆದ ಜನಸಮುದಾಯ ಪ್ರಪಂಚದಲ್ಲಿ ಕಡಿಮೆ. ಅಳೆದ ಮೇಲೂ ಎಲ್ಲಿ ಎಡವಬಹುದು ಎನ್ನುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಜಾಗವೂ ಕಡಿಮೆ.

ದ್ವೀಪ ಮತ್ತು ಅದರ ಜನ

ನೌರು ಪೆಸಿಫಿಕ್ ಸಾಗರದ ನಡುವೆ, ಭೂಮಧ್ಯ ರೇಖೆಯಿಂದ ಸ್ವಲ್ಪವೇ ದಕ್ಷಿಣಕ್ಕಿರುವ ಒಂಟಿ ದ್ವೀಪ. ವಿಸ್ತೀರ್ಣ 21 ಚದರ ಕಿಲೋಮೀಟರ್. ತೀರದ ರಸ್ತೆಯಲ್ಲಿ ಗಾಡಿ ಹತ್ತಿದರೆ ಅರ್ಧ ಗಂಟೆಯಲ್ಲಿ ಇಡೀ ದೇಶ ಸುತ್ತಿ ಬರಬಹುದು. ಹತ್ತಿರದ ನೆಲವೆಂದರೆ ಬನಾಬಾ ದ್ವೀಪ, ಅದು ಕೂಡ ಸುಮಾರು 300 ಕಿಲೋಮೀಟರ್ ದೂರ. ನೌರುವಿನಲ್ಲಿ ನದಿಯಿಲ್ಲ. ಜನರಲ್ಲಿ ಹೆಚ್ಚಿನವರು ತೀರದ ಕಿರಿದಾದ ಪಟ್ಟಿಯಲ್ಲಿ ಇರುತ್ತಾರೆ. ನಡುವಿನ ಎತ್ತರದ ಜಾಗಕ್ಕೆ 'ಟಾಪ್‌ಸೈಡ್' ಅನ್ನುತ್ತಾರೆ. 1907ರಿಂದ ಅಲ್ಲಿ ಫಾಸ್ಫೇಟ್ ಅಗೆದು ಅಗೆದು ದ್ವೀಪದ ಸುಮಾರು ಐದರಲ್ಲಿ ನಾಲ್ಕು ಭಾಗ ಹಾಳು ಬಿದ್ದಿದೆ. ಮಣ್ಣು ಹೋಗಿ ಹವಳದ ಕಲ್ಲಿನ ಮೊನೆಗಳಷ್ಟೇ ಎದ್ದು ನಿಂತಿವೆ.

ಮೊದಲು ಇಲ್ಲಿನ ಊಟ ತೆಂಗು, ಕೇದಗೆ ಜಾತಿಗೆ ಸೇರಿದ ಪಂಡಾನಸ್ ಹಣ್ಣು, ಸಮುದ್ರದ ಮೀನು, ಬುವಾಡಾ ಕೊಳದಲ್ಲಿ ಸಾಕುತ್ತಿದ್ದ ಇಬಿಯಾ ಮೀನು. ಬರಗಾಲ ಬಂದರೆ ಎಲ್ಲರಿಗೂ ಹಸಿವು. ಜನ ಎಷ್ಟು ಕಡಿಮೆ ಇದ್ದರೆಂದರೆ, ಮೊದಲ ಮಹಾಯುದ್ಧದ ನಂತರ ಸಾಂಕ್ರಾಮಿಕ ಜ್ವರಕ್ಕೆ ತುಂಬಾ ಜನ ಸತ್ತಾಗ, ಜನಾಂಗ ಉಳಿಯಬೇಕಾದರೆ ಕನಿಷ್ಠ 1,500 ಜನ ಬೇಕು ಅಂತ ಒಂದು ಗುರಿ ಇಟ್ಟುಕೊಂಡರು. 1932ರ ಅಕ್ಟೋಬರ್ 26ರಂದು 1,500ನೆಯ ಮಗು ಹುಟ್ಟಿತು. ಆ ದಿನವನ್ನು ಈಗಲೂ 'ಅಂಗಾಮ್' ಅಂತ ಹಬ್ಬ ಮಾಡುತ್ತಾರೆ.

ಆ ಖುಷಿ ಜಾಸ್ತಿ ದಿನ ಉಳಿಯಲಿಲ್ಲ. 1942ರಲ್ಲಿ ಜಪಾನ್ ಸೇನೆ ದ್ವೀಪ ಹಿಡಿಯಿತು. ಮರುವರ್ಷ 1,200 ನೌರು ಜನರನ್ನು ಹಡಗು ಹತ್ತಿಸಿ ದೂರದ ಟ್ರಕ್ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು. ಈಗ ಆ ಜಾಗಕ್ಕೆ ಚುಕ್ ಅನ್ನುತ್ತಾರೆ. ಹಸಿವು, ಕಾಯಿಲೆ, ಬಾಂಬ್ ದಾಳಿ. 1946ರ ಜನವರಿ 31ರಂದು ಊರಿಗೆ ಮರಳಿದವರು 737 ಮಂದಿ. 1,500ರ ಗುರಿ ಮತ್ತೆ ಮುಟ್ಟಿದ್ದು 1949ರಲ್ಲಿ. ನೌರು ಸ್ವತಂತ್ರ ದೇಶವಾದದ್ದು 1968ರ ಜನವರಿ 31ರಂದು, ಆ ಮರಳಿ ಬಂದ ದಿನವನ್ನೇ ಆರಿಸಿಕೊಂಡು. ಒಂದೊಂದು ತಲೆಯನ್ನೂ ಎಣಿಸಿ ಬದುಕಿದ ಜನ ಇವರು. ಮುಂದಿನ ಕತೆ ಓದುವಾಗ ಇದು ನೆನಪಿರಲಿ.

ಸ್ವಾತಂತ್ರ್ಯದ ಬೆನ್ನಲ್ಲೇ 1970ರಲ್ಲಿ ಫಾಸ್ಫೇಟ್ ಗಣಿ ಅವರದೇ ಕೈಗೆ ಬಂತು. ಹಣ ಹರಿಯಿತು. ಗಣಿಯ ದುಡಿಮೆಗೆ ಕಿರಿಬಾಟಿ, ಟುವಾಲು, ಚೀನಾ ಕಡೆಯ ಕೆಲಸಗಾರರು ಇದ್ದರು. ಊಟ ಹಡಗಿನಲ್ಲಿ ಬರತೊಡಗಿತು: ಅಕ್ಕಿ, ಮೈದಾ, ಸಕ್ಕರೆ, ಡಬ್ಬಿಯ ಮಾಂಸ, ಬಿಯರ್, ತಂಪು ಪಾನೀಯ. ಮೀನು ಹಿಡಿಯುವ, ಮರ ಹತ್ತುವ ಅಗತ್ಯ ತಪ್ಪಿತು. ಒಂದೇ ಬದುಕಿನ ಅವಧಿಯಲ್ಲಿ ಒಬ್ಬ ಮನುಷ್ಯ ಟ್ರಕ್ ದ್ವೀಪಗಳ ಹಸಿವನ್ನೂ ನೋಡಿ, ಮನೆ ಬಾಗಿಲಲ್ಲಿ ನಿಂತ ಕಾರನ್ನೂ ನೋಡಿದ.

1975: ಮೊದಲ ಲೆಕ್ಕ

ಆಸ್ಟ್ರೇಲಿಯಾದ ವೈದ್ಯ ಪಾಲ್ ಜಿಮ್ಮೆಟ್ ಮತ್ತು ಜೊತೆಗಾರರು 1975ರಲ್ಲಿ ನೌರುವಿನಲ್ಲಿ ಸರ್ವೆ ಮಾಡಿದರು. ಆಗ ಮೂಲ ನೌರು ಜನರ ಸಂಖ್ಯೆ ಸುಮಾರು ನಾಲ್ಕು ಸಾವಿರ. ಪರೀಕ್ಷಿಸಿದ ದೊಡ್ಡವರಲ್ಲಿ ಮೂರಕ್ಕೆ ಒಬ್ಬರಂತೆ ಸಕ್ಕರೆ ಕಾಯಿಲೆ ಸಿಕ್ಕಿತು. ಆಗ ಬೇರೆಲ್ಲೂ ಅಂಥ ಅಂಕಿ ಇರಲಿಲ್ಲ. ಒಂದೇ ಒಂದು ಕಡೆ ಬಿಟ್ಟು: ಅಮೆರಿಕದ ಅರಿಜೋನಾದ ಪೀಮಾ ಜನರಲ್ಲಿ.

ಸರ್ವೆಯಿಂದ ಹೊರಬಿದ್ದ ಇನ್ನೊಂದು ಸಂಗತಿ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತದ ಸಕ್ಕರೆ ಅಳೆದಾಗ, ಬೇರೆ ಬಹಳಷ್ಟು ಕಡೆ ಅಂಕಿಗಳು ಒಂದೇ ಗುಡ್ಡದ ಹಾಗೆ ಹರಡಿರುತ್ತವೆ. ಯಾರಿಗೆ ಕಾಯಿಲೆ, ಯಾರಿಗಿಲ್ಲ ಅಂತ ಗೆರೆ ಎಳೆಯುವುದು ಕಷ್ಟ. ನೌರುವಿನಲ್ಲಿ ಎರಡು ಗುಡ್ಡ ಕಂಡವು, ನಡುವೆ ಒಂದು ತಗ್ಗು. ಪೀಮಾ ಜನರಲ್ಲೂ ಹಾಗೇ ಕಂಡಿತ್ತು. ಎರಡು ಗಂಟೆಯ ನಂತರ ನೂರು ಮಿಲಿಲೀಟರಿಗೆ 200 ಮಿಲಿಗ್ರಾಂ ದಾಟಿದರೆ ಸಕ್ಕರೆ ಕಾಯಿಲೆ ಎಂಬ ಗೆರೆಯನ್ನು ಪ್ರಪಂಚ ಒಪ್ಪಿಕೊಂಡಾಗ ಈ ಎರಡು ಸಮುದಾಯಗಳ ರಕ್ತದ ಲೆಕ್ಕವೂ ಅದಕ್ಕೆ ಬಲ ಕೊಟ್ಟಿತ್ತು. ಇವತ್ತು ಎಲ್ಲಿ ಯಾರು ಗ್ಲೂಕೋಸ್ ಕುಡಿದು ಎರಡು ಗಂಟೆ ಕಾದು ಕೂತರೂ, ಅವರ ವರದಿಯ ಹಿಂದೆ ನೌರು ಜನರ ಒಂದು ಪಾಲು ಇದೆ.

ಯಾಕೆ ಇಷ್ಟು ಕಾಯಿಲೆ ಎಂಬ ಪ್ರಶ್ನೆಗೆ ಆಗ ಸಿದ್ಧವಾಗಿದ್ದ ಉತ್ತರ ಅಮೆರಿಕದ ತಳಿವಿಜ್ಞಾನಿ ಜೇಮ್ಸ್ ನೀಲ್ 1962ರಲ್ಲಿ ಮುಂದಿಟ್ಟ ಊಹೆ. ಬರಗಾಲದಲ್ಲಿ ಕೊಬ್ಬು ಉಳಿಸಿಕೊಳ್ಳುವ 'ಜಿಪುಣ' ದೇಹವೇ ಬದುಕಿ ಉಳಿಯುತ್ತದೆ, ಹೊಟ್ಟೆ ತುಂಬ ಸಿಗುವ ಕಾಲದಲ್ಲಿ ಅದೇ ದೇಹ ಸಕ್ಕರೆ ಕಾಯಿಲೆಗೆ ಸಿಕ್ಕಿಬೀಳುತ್ತದೆ ಎಂದು. ನೌರು ಇದಕ್ಕೆ ಮಾದರಿ ಎನ್ನುವಂತೆ ಕಂಡಿತು. ಈ ಊಹೆಯ ಬಗ್ಗೆ ವಾದ ಇವತ್ತಿಗೂ ಮುಗಿದಿಲ್ಲ. ಇಲ್ಲಿ ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ, ಯಾಕೆಂದರೆ ನನ್ನ ಪ್ರಶ್ನೆ ಲೆಕ್ಕದ್ದು.

ಇಳಿದ ಅಂಕಿಯ ಒಳಗೆ

ಸರ್ವೆ ಒಂದಕ್ಕೇ ನಿಲ್ಲಲಿಲ್ಲ. 1982ರಲ್ಲಿ, 1987ರಲ್ಲಿ, ಆಮೇಲೆ 1994ರಲ್ಲೂ ಮತ್ತೆ ಮಾಡಿದರು. ಇದೇ ಈ ಪ್ರಕರಣದ ದೊಡ್ಡ ಬೆಲೆ. ಹಿಂದಿನ ಸಲ ಪರೀಕ್ಷೆ ಮಾಡಿಸಿಕೊಂಡವರನ್ನೇ ಹುಡುಕಿ, ಅವರಿಗೆ ಏನಾಗಿದೆ ಅಂತ ನೋಡುವುದು ಇಷ್ಟು ಸಣ್ಣ ಜಾಗದಲ್ಲಿ ಸಾಧ್ಯವಾಗಿತ್ತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇವನು ಒಬ್ಬ ಕಲ್ಪಿತ ಮನುಷ್ಯ, ಆದರೆ ಇಂಥವರು ಇದ್ದರು. 1975ರಲ್ಲಿ ಅವನಿಗೆ 38 ವರ್ಷ. ಸಕ್ಕರೆ ಹೊಸ್ತಿಲ ಮೇಲಿದೆ. ಪಟ್ಟಿಯಲ್ಲಿ ಅವನು 'ಹೊಸ್ತಿಲಲ್ಲಿ ಇರುವವನು'. 1982ರಲ್ಲಿ ಅವನು ಹೊಸ್ತಿಲು ದಾಟಿ ಕಾಯಿಲೆಯ ಒಳಗೆ ಬಂದಿದ್ದಾನೆ. ಹೊಸ್ತಿಲಿನ ಲೆಕ್ಕದಲ್ಲಿ ಒಂದು ತಲೆ ಕಡಿಮೆ, ಕಾಯಿಲೆಯ ಲೆಕ್ಕದಲ್ಲಿ ಒಂದು ತಲೆ ಜಾಸ್ತಿ. 1986ರಲ್ಲಿ ಅವನು ತೀರಿಕೊಂಡ. 1987ರ ಸರ್ವೆಯಲ್ಲಿ ಅವನು ಎಲ್ಲಿಯೂ ಇಲ್ಲ. ಎರಡೂ ಲೆಕ್ಕದಿಂದ ಹೋದ. ಅವನಿಲ್ಲದೆ ನೂರರ ಲೆಕ್ಕ ಒಂದಿಷ್ಟು ಚೆನ್ನಾಗಿ ಕಾಣುತ್ತದೆ.

ನೌರುವಿನ ಸಂಶೋಧಕರು ತಾವೇ ಮುಂದಿಟ್ಟ ವಿವರಣೆಯೂ ಇದರ ಹತ್ತಿರವೇ ಇತ್ತು. ಕಾಯಿಲೆಗೆ ಸುಲಭವಾಗಿ ತುತ್ತಾಗುವ ಗುಣ ಇದ್ದವರಲ್ಲಿ ಬಹುಪಾಲು ಜನ ಆಗಲೇ ತುತ್ತಾಗಿಬಿಟ್ಟಿದ್ದರು. ಸಕ್ಕರೆ ಕಾಯಿಲೆ ಇದ್ದವರು ಇಲ್ಲದವರಿಗಿಂತ ಬೇಗ ಸಾಯುತ್ತಿದ್ದರು. ಉಳಿದವರಲ್ಲಿ ಆ ಗುಣ ಇದ್ದವರ ಪಾಲು ಕಡಿಮೆಯಾಗುತ್ತಾ ಬಂದಿರಬಹುದು. ಇದು ಪೂರ್ತಿ ಸಾಬೀತಾದ ಮಾತಲ್ಲ, ಒಂದು ವಿವರಣೆ. ಆದರೂ ನನಗೆ ಇದೇ ಹೆಚ್ಚು ಸರಿ ಅನ್ನಿಸುತ್ತದೆ, ಯಾಕೆಂದರೆ ತೂಕ ಇಳಿಯದೆ ಕಾಯಿಲೆ ತಾನಾಗಿ ಇಳಿಯಿತು ಅನ್ನುವುದಕ್ಕೆ ಬೇರೆ ಒಳ್ಳೆಯ ಕಾರಣ ಸಿಗುವುದಿಲ್ಲ. ಸುಮ್ನೆ 21ರಿಂದ 9 ಅಂತ ಒಂದು ಸಾಲು ಬರೆದು ಮುಗಿಸಿದ್ದರೆ ಸಾವನ್ನೇ ಆರೋಗ್ಯ ಅಂತ ಓದಿದಂತಾಗುತ್ತಿತ್ತು.

ಹಾಗಾಗಿ ಕಾಯಿಲೆಯ ಪಟ್ಟಿಯ ಪಕ್ಕದಲ್ಲಿ ಸಾವಿನ ಪಟ್ಟಿ ಇರಲೇಬೇಕು. ಅದೂ ಒಳ್ಳೆಯ ಪಟ್ಟಿ. 'ಹೃದಯ ನಿಂತಿತು' ಅಂತಷ್ಟೇ ಬರೆದ ಮರಣ ಪತ್ರದಿಂದ ಏನೂ ತಿಳಿಯುವುದಿಲ್ಲ. ಎಲ್ಲರ ಹೃದಯವೂ ಕೊನೆಗೆ ನಿಲ್ಲುತ್ತದೆ. ಅದರ ಹಿಂದೆ ಕಿಡ್ನಿ ಹೋಗಿತ್ತಾ, ಕಾಲಿನ ಹುಣ್ಣು ಕೊಳೆತಿತ್ತಾ, ಹತ್ತು ವರ್ಷದ ಸಕ್ಕರೆ ಇತ್ತಾ ಅಂತ ಬರೆದಾಗಲೇ ಲೆಕ್ಕ ಕೂಡುವುದು. ನೌರುವಿನಲ್ಲಿ ಗಂಡಸರ ಸರಾಸರಿ ಆಯಸ್ಸು ಹಲವು ದಶಕ 50ರ ಆಸುಪಾಸಿನಲ್ಲೇ ನಿಂತಿತ್ತು. ಹೃದಯ ಮತ್ತು ಸಕ್ಕರೆಯ ಜೊತೆ ರಸ್ತೆ ಅಪಘಾತವೂ ಅದಕ್ಕೆ ದೊಡ್ಡ ಕಾರಣ. ಕಾಯಿಲೆ ತೋರಿಸುವ ವಯಸ್ಸು ಮುಟ್ಟುವ ಮೊದಲೇ ಹೋದ ಹುಡುಗರೂ ಆ ಲೆಕ್ಕದಲ್ಲಿದ್ದಾರೆ.

ಗೆರೆ ಸರಿದಾಗ, ಜನ ಸರಿದಾಗ

ಅಂಕಿ ಬದಲಾಗಲು ಇನ್ನೂ ಕೆಲವು ದಾರಿಗಳಿವೆ. ಒಂದು, ಗೆರೆಯೇ ಸರಿಯುವುದು. ಖಾಲಿ ಹೊಟ್ಟೆಯ ಸಕ್ಕರೆಗೆ 1985ರಲ್ಲಿ 140 ಮಿಲಿಗ್ರಾಂ ಅಂತ ಇದ್ದ ವಿಶ್ವ ಆರೋಗ್ಯ ಸಂಸ್ಥೆಯ ಗೆರೆ 1999ರಲ್ಲಿ 126ಕ್ಕೆ ಇಳಿಯಿತು. ಜನ ಅದೇ, ರಕ್ತ ಅದೇ, ರೋಗಿಗಳು ಮಾತ್ರ ರಾತ್ರೋರಾತ್ರಿ ಜಾಸ್ತಿ. ಹಾಗಾಗಿ ಗೆರೆ ಬದಲಾದಾಗಲೆಲ್ಲ ಹಳೆಯ ಸರ್ವೆಯ ಮೂಲ ಅಂಕಿಗಳನ್ನು ತೆಗೆದು ಹೊಸ ಗೆರೆಯಲ್ಲಿ ಮತ್ತೆ ಎಣಿಸಬೇಕು. ಮೂಲ ಹಾಳೆಗಳನ್ನು ಜೋಪಾನವಾಗಿ ಇಟ್ಟವರಿಗೆ ಮಾತ್ರ ಇದು ಸಾಧ್ಯ.

ಇನ್ನೊಂದು, ಪರೀಕ್ಷೆಯ ವಿಧಾನ ಬದಲಾಗುವುದು. 2004ರಲ್ಲಿ ನೌರುವಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 'ಸ್ಟೆಪ್ಸ್' ಮಾದರಿಯ ಸರ್ವೆ ಆಯಿತು. ಇದು ಮೂರು ಹಂತದ್ದು: ಮೊದಲು ಪ್ರಶ್ನೆಗಳು, ಆಮೇಲೆ ತೂಕ, ಸೊಂಟ, ಬಿಪಿ, ಕೊನೆಗೆ ರಕ್ತ. ಬೇರೆ ಬೇರೆ ದೇಶಗಳನ್ನು ಹೋಲಿಸಲು ಇದು ಒಳ್ಳೆಯದು. ಆದರೆ ಇದರಲ್ಲಿ ನೋಡುವುದು ಮುಖ್ಯವಾಗಿ ಖಾಲಿ ಹೊಟ್ಟೆಯ ಸಕ್ಕರೆ. ಗ್ಲೂಕೋಸ್ ಕುಡಿಸಿ ಕಾಯುವ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಕೆಲವರು ಇದರಲ್ಲಿ ತಪ್ಪಿಸಿಕೊಳ್ಳುತ್ತಾರೆ. ಅದಲ್ಲದೆ ಪ್ರತಿ ಸಲ ಹೊಸದಾಗಿ ಆರಿಸಿದ ಜನ. 1975ರಿಂದ ಎಳೆದುಕೊಂಡು ಬಂದ ಗೆರೆಯ ತುದಿಗೆ ಈ ಚುಕ್ಕಿಯನ್ನು ಹಾಗೇ ಅಂಟಿಸಿದರೆ ತಪ್ಪು ಚಿತ್ರ ಬರುತ್ತದೆ.

ಮೂರನೆಯದು ಭಾಗಿಸುವ ಸಂಖ್ಯೆ. ಫಾಸ್ಫೇಟ್ ಮುಗಿಯುತ್ತಾ ಬಂದು, 2006ರ ಹೊತ್ತಿಗೆ ಕಿರಿಬಾಟಿ ಮತ್ತು ಟುವಾಲುವಿನ ಬಹುತೇಕ ಕೆಲಸಗಾರರು ಕುಟುಂಬದ ಜೊತೆ ತಮ್ಮ ಊರಿಗೆ ಮರಳಿದರು. ಸಾವಿರಕ್ಕೂ ಹೆಚ್ಚು ಜನ. ಹತ್ತು ಸಾವಿರದ ಆಸುಪಾಸಿನ ದೇಶಕ್ಕೆ ಇದು ಸಣ್ಣ ಸಂಖ್ಯೆಯಲ್ಲ. ಇಡೀ ದ್ವೀಪದ ಜನಸಂಖ್ಯೆಯಿಂದ ಭಾಗಿಸಿ ಕಾಯಿಲೆಯ ಪ್ರಮಾಣ ತೆಗೆಯುವವರಿಗೆ, ಹೋದವರಲ್ಲಿ ಕಾಯಿಲೆ ಕಡಿಮೆ ಇದ್ದಿದ್ದರೆ, ಆ ವರ್ಷ ಪ್ರಮಾಣ ಏರಿದಂತೆ ಕಂಡರೆ ಆಶ್ಚರ್ಯವಿಲ್ಲ. ಯಾರಿಗೂ ಹೊಸದಾಗಿ ಏನೂ ಆಗಿರದಿದ್ದರೂ ಸರಿಯೇ. ದೊಡ್ಡ ದೇಶದಲ್ಲಿ ಸಾವಿರ ಜನ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ದ್ವೀಪದಲ್ಲಿ ಒಂದು ಹಡಗು ಲೆಕ್ಕವನ್ನೇ ಬದಲಿಸುತ್ತದೆ.

ಆರು, ಒಂಬತ್ತು, ಮೂರು

ಸಣ್ಣ ಸಂಖ್ಯೆಯ ಕಷ್ಟ ಬೇರೆಯದೇ. ಒಂದು ದ್ವೀಪದಲ್ಲಿ ಸಕ್ಕರೆ ಕಾಯಿಲೆಯಿಂದ ಕಾಲು ಕತ್ತರಿಸಬೇಕಾಗಿ ಬಂದವರು ವರ್ಷಕ್ಕೆ ಸರಾಸರಿ ಆರು ಎಂದುಕೊಳ್ಳಿ. ಈ ವರ್ಷ ಒಂಬತ್ತು ಆದರೆ 'ಶೇಕಡಾ 50 ಏರಿಕೆ' ಅಂತ ಗಾಬರಿ. ಮುಂದಿನ ವರ್ಷ ಮೂರು ಆದರೆ 'ಯೋಜನೆ ಗೆದ್ದಿತು' ಅಂತ ಸಂಭ್ರಮ. ನಿಜ ಏನೆಂದರೆ, ಸರಾಸರಿ ಆರು ಇರುವಲ್ಲಿ ಯಾವ ಬದಲಾವಣೆಯೂ ಇಲ್ಲದೆ ಬರೀ ಆಕಸ್ಮಿಕವಾಗಿಯೇ ಎರಡರಿಂದ ಹನ್ನೊಂದರವರೆಗೆ ಏನು ಬೇಕಾದರೂ ಆಗಬಹುದು. ಮೂರರಿಂದ ಐದು ವರ್ಷದ್ದು ಒಟ್ಟು ಸೇರಿಸಿ ನೋಡಿದರೆ ಮಾತ್ರ ಏನಾದರೂ ಹೇಳಲು ಬರುತ್ತದೆ. ಇದು ವರ್ಷ ವರ್ಷ ವರದಿ ಕೇಳುವವರಿಗೆ ಇಷ್ಟವಾಗುವುದಿಲ್ಲ. ಆದರೂ ತಾಳ್ಮೆಯಿಂದ ಕಾಯುವುದೇ ಸರಿ.

ಆದರೆ ಆ ಒಂಬತ್ತು ಮಂದಿ ಅಂಕಿಗೆ ಸಣ್ಣವರು, ದ್ವೀಪಕ್ಕೆ ಸಣ್ಣವರಲ್ಲ. ಒಬ್ಬೊಬ್ಬರ ಕತೆಯೂ ಎಲ್ಲರಿಗೂ ಗೊತ್ತು. ಪ್ರಮಾಣದ ಬಗ್ಗೆ ಏನೂ ಹೇಳಲಾಗದಿದ್ದರೂ, ಒಂಬತ್ತು ಜನರಲ್ಲಿ ಎಷ್ಟು ಮಂದಿಯ ಪಾದವನ್ನು ಹಿಂದಿನ ವರ್ಷ ಯಾರಾದರೂ ಪರೀಕ್ಷಿಸಿದ್ದರು ಅಂತ ಕೇಳಬಹುದು. ಹತ್ತು ಗ್ರಾಂ ಬಲದ ಒಂದು ನೈಲಾನ್ ಎಳೆಯನ್ನು ಪಾದಕ್ಕೆ ಒತ್ತಿ, ಸ್ಪರ್ಶ ಗೊತ್ತಾಗುತ್ತಿದೆಯಾ ಅಂತ ಕೇಳುವುದಕ್ಕೆ ಕರೆಂಟ್ ಬೇಡ, ಪ್ರಯೋಗಾಲಯ ಬೇಡ. ಸಣ್ಣ ಜಾಗದಲ್ಲಿ ಒಂದೊಂದು ಪ್ರಕರಣವನ್ನೂ ಹಿಂದಕ್ಕೆ ಓದಲು ಸಾಧ್ಯ. ದೊಡ್ಡ ದೇಶಗಳಿಗೆ ಈ ಅವಕಾಶ ಇಲ್ಲ.

ಗುಟ್ಟಿನ ಪ್ರಶ್ನೆಯೂ ಇಲ್ಲೇ ಬರುತ್ತದೆ. ನೌರುವಿನಲ್ಲಿ 14 ಜಿಲ್ಲೆಗಳು, ಹಲವುಗಳಲ್ಲಿ ಕೆಲವೇ ನೂರು ಜನ. 'ಇಂಥ ಜಿಲ್ಲೆ, 40ರಿಂದ 49 ವಯಸ್ಸಿನ ಗಂಡಸರು, ಕಿಡ್ನಿ ವೈಫಲ್ಯ: 1' ಅಂತ ಒಂದು ಕೋಷ್ಟಕದಲ್ಲಿ ಬರೆದರೆ ಹೆಸರು ಬರೆದಂತೆಯೇ. ಸಂಖ್ಯೆ ಐದಕ್ಕಿಂತ ಕಡಿಮೆ ಇರುವ ಕೋಷ್ಟಕದ ಚೌಕಗಳನ್ನು ಖಾಲಿ ಬಿಡುವುದು, ಜಿಲ್ಲೆಗಳನ್ನು ಒಟ್ಟು ಮಾಡುವುದು ರೂಢಿ. ಒಮ್ಮೆ ನಂಬಿಕೆ ಮುರಿದರೆ ಮುಂದಿನ ಸರ್ವೆಗೆ ಜನ ಬರುವುದಿಲ್ಲ. ಬಾರದವರಲ್ಲಿ ಕಾಯಿಲೆ ಇರುವವರೇ ಜಾಸ್ತಿ ಇದ್ದರೆ ಅಂಕಿ ಮತ್ತೆ ಚೆನ್ನಾಗಿ ಕಾಣುತ್ತದೆ.

ರಕ್ತದ ಪ್ರಯಾಣ

ಒಂದು ಸಣ್ಣ ತಾಂತ್ರಿಕ ವಿಷಯ ಹೇಳಲೇಬೇಕು. ಕೊಳವೆಯಲ್ಲಿ ತೆಗೆದ ರಕ್ತ ಬದುಕಿರುತ್ತದೆ. ಅದರ ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಬೇರ್ಪಡಿಸದೆ ಹಾಗೇ ಇಟ್ಟರೆ ಗಂಟೆಗೆ ಶೇಕಡಾ 5ರಿಂದ 7ರಷ್ಟು ಸಕ್ಕರೆ ಕಡಿಮೆಯಾಗುತ್ತದೆ. ಬಿಸಿಲಿನ ದ್ವೀಪದಲ್ಲಿ ಮೂರು ಗಂಟೆ ತಡವಾದರೆ 140 ಇದ್ದದ್ದು 120ರ ಹತ್ತಿರ ಬಂದು, ರೋಗಿಯೊಬ್ಬರು ಕಾಗದದ ಮೇಲೆ ಆರೋಗ್ಯವಂತರಾಗಿಬಿಡುತ್ತಾರೆ. ಕೊಳವೆಯನ್ನು ಬೇಗ ಯಂತ್ರದಲ್ಲಿ ಜೋರಾಗಿ ತಿರುಗಿಸಿ ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ, ಬೇರ್ಪಡಿಸಬೇಕು, ಹಿಮಗಟ್ಟಿಸಬೇಕು, ವಿಮಾನ ಬರುವವರೆಗೆ ಫ್ರೀಜರ್ ಕೈ ಕೊಡಬಾರದು. ಈಗ ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಪರೀಕ್ಷೆಗೆ ಮೇಜಿನ ಮೇಲಿಡುವ ಯಂತ್ರಗಳಿವೆ. ಉಪವಾಸ ಬೇಡ, ಒಂದು ಹನಿ ರಕ್ತ ಸಾಕು. ಆದರೆ ಅದರ ಕಾರ್ಟ್ರಿಜ್‌ಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ರಕ್ತಹೀನತೆ ಇದ್ದವರಲ್ಲಿ ಅದರ ಅಂಕಿಯನ್ನು ಹುಷಾರಾಗಿ ಓದಬೇಕು.

ಅಳೆದದ್ದರಿಂದ ಏನಾಯಿತು

2007ರಲ್ಲಿ ನೌರು ಸರ್ಕಾರ ಸಕ್ಕರೆ, ಮಿಠಾಯಿ, ಸಿಹಿ ಪಾನೀಯಗಳ ಆಮದಿನ ಮೇಲೆ ಶೇಕಡಾ 30 ತೆರಿಗೆ ಹಾಕಿತು. ಬಾಟಲಿ ನೀರಿನ ಮೇಲಿನ ತೆರಿಗೆ ತೆಗೆಯಿತು. ಎಲ್ಲವೂ ಹಡಗಿನಲ್ಲೇ ಬರುವ ಜಾಗದಲ್ಲಿ ಬಂದರೇ ಔಷಧದ ಅಂಗಡಿಯಾಗಬಹುದು ಅನ್ನುವ ಯೋಚನೆ ನನಗೆ ತುಂಬಾ ಹಿಡಿಸಿತು. ಬಂದರಿನ ರಶೀದಿಗಳೂ ಒಂದು ಬಗೆಯ ಆರೋಗ್ಯ ದಾಖಲೆ. ಎಷ್ಟು ಟನ್ ಸಕ್ಕರೆ ಇಳಿಯಿತು ಅಂತ ತಿಳಿಯಲು ಯಾರ ಬೆರಳನ್ನೂ ಚುಚ್ಚಬೇಕಿಲ್ಲ. 2011ರಲ್ಲಿ ಪೆಸಿಫಿಕ್ ದ್ವೀಪ ದೇಶಗಳ ನಾಯಕರು ಈ ಕಾಯಿಲೆಗಳನ್ನು ಬಿಕ್ಕಟ್ಟು ಅಂತ ಸಾರಿದರು. ಆಮೇಲೆ 'ಮಾನಾ' ಎಂಬ ಒಕ್ಕೂಟ ಕಟ್ಟಿಕೊಂಡು, ತಂಬಾಕು, ಸಿಹಿ ಪಾನೀಯ, ಚಿಕಿತ್ಸೆಯ ವಿಷಯದಲ್ಲಿ ಯಾವ ದೇಶ ಏನು ಮಾಡಿದೆ ಅಂತ ಕೆಂಪು, ಹಳದಿ, ಹಸಿರು ಬಣ್ಣದಲ್ಲಿ ಗುರುತಿಸತೊಡಗಿದರು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸಾಧನ ಚಿಕಿತ್ಸಾಲಯದ ರಿಜಿಸ್ಟರ್. ಐದಾರು ವರ್ಷಕ್ಕೊಮ್ಮೆ ಹೊರಗಿನವರು ಬಂದು ಮಾಡುವ ಸರ್ವೆ ದೇಶದ ಚಿತ್ರ ಕೊಡುತ್ತದೆ. ರಿಜಿಸ್ಟರ್ ಮನುಷ್ಯರನ್ನು ಕೊಡುತ್ತದೆ. ಹೋದ ವರ್ಷ ಬಂದವರು ಯಾರು, ಬಾರದವರು ಯಾರು, ಊರು ಬಿಟ್ಟವರು ಯಾರು, ತೀರಿಕೊಂಡವರು ಯಾರು. ಈ ನಾಲ್ಕು ಬೇರೆ ಬೇರೆ ಕಾಲಂ ಆಗಿರಬೇಕು. ನಾಲ್ಕನ್ನೂ 'ಸಂಪರ್ಕಕ್ಕೆ ಸಿಕ್ಕಿಲ್ಲ' ಅಂತ ಒಂದರಲ್ಲೇ ತುರುಕಿದರೆ 1987ರ ಅದೇ ಒಗಟು ಮತ್ತೆ ಎದುರಾಗುತ್ತದೆ.

ರಿಜಿಸ್ಟರ್‌ನಲ್ಲಿ ಮೂತ್ರದ ಪರೀಕ್ಷೆಗೆ ಒಂದು ಕಾಲಂ ಇರುತ್ತದೆ. ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದ್ದರೆ ಕಿಡ್ನಿ ಸವೆಯಲು ಶುರುವಾಗಿದೆ ಅಂತ ಅರ್ಥ. ಈಗಲೇ ಬಿಪಿ ಮತ್ತು ಸಕ್ಕರೆ ಹಿಡಿದಿಟ್ಟರೆ ನಿಧಾನಿಸಬಹುದು. ಬಿಟ್ಟರೆ ಹಲವರು ವರ್ಷಗಳ ನಂತರ ಡಯಾಲಿಸಿಸ್ ಕುರ್ಚಿಗೆ ಬರುತ್ತಾರೆ. ವಾರಕ್ಕೆ ಮೂರು ಸಲ, ಒಂದೊಂದು ಸಲ ನಾಲ್ಕು ಗಂಟೆ, ಒಂದೊಂದು ಸಲಕ್ಕೂ ಸುಮಾರು 120 ಲೀಟರ್ ಶುದ್ಧ ನೀರು. ವರ್ಷಕ್ಕೆ 156 ಸಲ. ಒಬ್ಬ ಮನುಷ್ಯನಿಗೆ 18,720 ಲೀಟರ್. ನೌರುವಿನಲ್ಲಿ ನೀರು ಬರುವುದು ಮುಖ್ಯವಾಗಿ ಮಳೆಯಿಂದ, ಇಲ್ಲವೇ ಸಮುದ್ರದ ಉಪ್ಪು ತೆಗೆಯುವ ಯಂತ್ರದಿಂದ. ಈ ವರ್ಷ ಆ ಕಾಲಂನಲ್ಲಿ ಗುರುತು ಬಿದ್ದ ಹೆಸರುಗಳನ್ನು ಎಣಿಸಿದರೆ, ಹತ್ತು ವರ್ಷದ ನಂತರ ಆಸ್ಪತ್ರೆಗೆ ಎಷ್ಟು ಕುರ್ಚಿ ಬೇಕು, ಎಷ್ಟು ಟ್ಯಾಂಕ್ ನೀರು ಬೇಕು ಅಂತ ಹತ್ತಿರ ಹತ್ತಿರ ಹೇಳಬಹುದು. ಆ ಹೆಸರಿನವರು ಇನ್ನೂ ನಡೆದುಕೊಂಡೇ ಬರುತ್ತಿದ್ದಾರೆ, ಮೈಯಲ್ಲಿ ಯಾವ ನೋವೂ ಇಲ್ಲದೆ.